ಪ್ಯಾಲೆಸ್ಟೀನ್‌ಗೆ ಬ್ರಿಟನ್ ಮಾನ್ಯತೆ: ಘೋಷಣೆಯ ನಂತರ ಆಗಬೇಕಾದದ್ದೇನು?

ಪ್ರಶ್ನೆ

2025ರ ಸೆಪ್ಟೆಂಬರ್ 21ರಂದು ಬ್ರಿಟನ್ ಸರ್ಕಾರ ಪ್ಯಾಲೆಸ್ಟೀನನ್ನು ಸ್ವತಂತ್ರ ರಾಷ್ಟ್ರವೆಂದು ಅಧಿಕೃತವಾಗಿ ಒಪ್ಪಿಕೊಂಡಿತು. ಅದೇ ದಿನ ಕೆನಡಾ, ಆಸ್ಟ್ರೇಲಿಯಾ ಮತ್ತು ಪೋರ್ಚುಗಲ್, ಮರುದಿನ ಫ್ರಾನ್ಸ್ ಹಾಗೂ ಇನ್ನೂ ಕೆಲವು ದೇಶಗಳು ಇದೇ ಹೆಜ್ಜೆ ಇಟ್ಟವು. ವಿಶ್ವಸಂಸ್ಥೆಯ 193 ಸದಸ್ಯ ರಾಷ್ಟ್ರಗಳ ಪೈಕಿ 157 ರಾಷ್ಟ್ರಗಳು ಈಗ ಪ್ಯಾಲೆಸ್ಟೀನನ್ನು ಮಾನ್ಯ ಮಾಡಿದಂತಾಯಿತು. ಲಂಡನ್ನಿನ ಹ್ಯಾಮರ್‌ಸ್ಮಿತ್‌ನಲ್ಲಿರುವ ಪ್ಯಾಲೆಸ್ಟೀನ್ ನಿಯೋಗದ ಕಚೇರಿಯ ಮುಂದೆ ಸೆಪ್ಟೆಂಬರ್ 22ರಂದು ಧ್ವಜ ಏರಿದ್ದನ್ನು ನಾನು ಸುದ್ದಿವಾಹಿನಿಯಲ್ಲಿ ನೋಡಿದೆ. ಅದೇ ವಾರ್ತೆಯ ಮುಂದಿನ ತುಣುಕಿನಲ್ಲಿ ಗಾಜಾ ನಗರದಿಂದ ದಕ್ಷಿಣದ ಕಡೆಗೆ ಹಾಸಿಗೆ, ಪಾತ್ರೆ, ನೀರಿನ ಡಬ್ಬಗಳನ್ನು ಹೇರಿಕೊಂಡು ಹೊರಟ ಜನರ ಸಾಲು ಇತ್ತು. ಆ ಎರಡು ದೃಶ್ಯಗಳನ್ನು ಒಂದಕ್ಕೊಂದು ಹೊಂದಿಸಿ ನೋಡಲು ನನ್ನಿಂದ ಇಂದಿಗೂ ಸಾಧ್ಯವಾಗಿಲ್ಲ.

ನನ್ನ ಸಂದೇಹ ಎರಡು ಬಗೆಯದು. ಗಡಿ ನಿಶ್ಚಯವಾಗದ, ತನ್ನ ಗಡಿಯನ್ನು ತಾನೇ ಕಾಯಲಾಗದ, ಆಡಳಿತ ಎರಡು ಹೋಳಾಗಿರುವ ನಾಡನ್ನು ರಾಷ್ಟ್ರವೆಂದು ಕರೆಯುವುದು ಕಾನೂನಿನ ದೃಷ್ಟಿಯಲ್ಲಿ ನಿಲ್ಲುತ್ತದೆಯೇ? ಹಾಗೆ ಕರೆದ ಮೇಲೆ ಬ್ರಿಟನ್ ಸರ್ಕಾರದ ಮೇಲೆ ಏನಾದರೂ ಹೊಣೆ ಬೀಳುತ್ತದೆಯೇ ಅಥವಾ ಘೋಷಣೆಯೊಂದಿಗೆ ಅದರ ಕೆಲಸ ಮುಗಿಯಿತೇ? ವಿಷಯ ಬಲ್ಲವರು ದಯವಿಟ್ಟು ವಿವರವಾಗಿ ತಿಳಿಸಬೇಕೆಂದು ಕೋರುತ್ತೇನೆ.

ಉತ್ತರ 1

ತಮ್ಮ ಮೊದಲ ಸಂದೇಹಕ್ಕೆ ಬ್ರಿಟನ್ನಿನ ಇತಿಹಾಸದಲ್ಲಿಯೇ ಉತ್ತರವಿದೆ. ರಾಷ್ಟ್ರವೆನಿಸಿಕೊಳ್ಳಲು ಶಾಶ್ವತ ಜನಸಮುದಾಯ, ಗೊತ್ತಾದ ಭೂಪ್ರದೇಶ, ಸರ್ಕಾರ ಮತ್ತು ಇತರ ರಾಷ್ಟ್ರಗಳೊಂದಿಗೆ ವ್ಯವಹರಿಸುವ ಸಾಮರ್ಥ್ಯ ಇರಬೇಕೆಂದು 1933ರ ಮೊಂಟೆವಿಡಿಯೊ ಒಪ್ಪಂದ ಹೇಳುತ್ತದೆ. ಭೂಪ್ರದೇಶ ಇರಬೇಕೆಂದರೆ ಗಡಿಯ ಪ್ರತಿಯೊಂದು ಕಲ್ಲೂ ನೆಟ್ಟಿರಬೇಕೆಂದು ಅರ್ಥವಲ್ಲ. ಬ್ರಿಟನ್ ಇಸ್ರೇಲನ್ನು ವಸ್ತುಸ್ಥಿತಿಯ ನೆಲೆಯಲ್ಲಿ ಒಪ್ಪಿದ್ದು 1949ರ ಜನವರಿಯಲ್ಲಿ, ಕಾನೂನುಬದ್ಧವಾಗಿ ಒಪ್ಪಿದ್ದು 1950ರ ಏಪ್ರಿಲ್‌ನಲ್ಲಿ. ಆ ಹೊತ್ತಿಗೆ ಇಸ್ರೇಲಿಗೆ ಇದ್ದದ್ದು ಕದನ ವಿರಾಮದ ರೇಖೆಗಳು ಮಾತ್ರ. ಅಂತಿಮ ಗಡಿ ಎಲ್ಲಿಯೂ ನಿರ್ಧಾರವಾಗಿರಲಿಲ್ಲ. ಈಗಿನ ಘೋಷಣೆಯಲ್ಲಿಯೂ 1967ರ ಯುದ್ಧಕ್ಕೆ ಮುಂಚಿನ ರೇಖೆಗಳ ಆಧಾರದ ಮೇಲೆ, ಸಮಪ್ರಮಾಣದ ಭೂವಿನಿಮಯಕ್ಕೆ ಒಳಪಟ್ಟ ತಾತ್ಕಾಲಿಕ ಗಡಿಗಳನ್ನು ಒಪ್ಪಿ, ಅಂತಿಮ ನಿರ್ಣಯವನ್ನು ಮುಂದಿನ ಮಾತುಕತೆಗೆ ಬಿಡಲಾಗಿದೆ. ಅಂದು ಒಬ್ಬರಿಗೆ ಅನ್ವಯವಾದ ಅಳತೆಗೋಲು ಇಂದು ಇನ್ನೊಬ್ಬರಿಗೆ ಅನ್ವಯವಾಗುವುದಿಲ್ಲ ಎನ್ನಲು ನನಗೆ ಕಾರಣ ಕಾಣುವುದಿಲ್ಲ.

ಸರ್ಕಾರದ ಹತೋಟಿಯ ಪ್ರಶ್ನೆ ಇದಕ್ಕಿಂತ ಕಠಿಣವಾದದ್ದು. ಆದರೆ ಜೋರ್ಡಾನ್ ನದಿಯ ಪಶ್ಚಿಮಕ್ಕಿರುವ ‘ಪಶ್ಚಿಮ ದಂಡೆ’ ಪ್ರದೇಶದ ಸುಮಾರು 60 ಶೇಕಡಾ ಭಾಗ, ಅಂದರೆ 1995ರ ಎರಡನೇ ಓಸ್ಲೋ ಒಪ್ಪಂದದಲ್ಲಿ ‘ಸಿ’ ವಲಯವೆಂದು ಗುರುತಿಸಿದ ಭಾಗ, ಪ್ಯಾಲೆಸ್ಟೀನಿಯರ ಸೀಮಿತ ಸ್ವಾಡಳಿತ ಸಂಸ್ಥೆಯಾದ ಪ್ಯಾಲೆಸ್ಟೀನ್ ಪ್ರಾಧಿಕಾರದ ಕೈಯಲ್ಲಿ ಇಲ್ಲದಿರುವುದು ಆ ಪ್ರಾಧಿಕಾರದ ಅಸಮರ್ಥತೆಯಿಂದಲ್ಲ. ಅಲ್ಲಿ ಇಸ್ರೇಲಿನ ಸೇನಾಡಳಿತವಿದೆ. ಇನ್ನೊಬ್ಬರು ಆಕ್ರಮಿಸಿಕೊಂಡಿದ್ದಾರೆ ಎಂಬ ಕಾರಣವನ್ನೇ ಮುಂದೊಡ್ಡಿ ಒಂದು ಜನಾಂಗಕ್ಕೆ ರಾಷ್ಟ್ರತ್ವ ನಿರಾಕರಿಸಿದರೆ, ಆಕ್ರಮಣ ಎಷ್ಟು ದೀರ್ಘವಾದರೆ ಅಷ್ಟು ಲಾಭ ಎಂದು ಆಕ್ರಮಿಸಿದವರಿಗೆ ಕಲಿಸಿಕೊಟ್ಟಂತಾಗುತ್ತದೆ.

ಈಗ ತಮ್ಮ ಎರಡನೆಯ ಪ್ರಶ್ನೆಗೆ ಬರುತ್ತೇನೆ. ನನ್ನ ಮನಸ್ಸಿನಲ್ಲಿ ಹೆಚ್ಚು ತೂಕವಿರುವುದು ಇದಕ್ಕೇ. 2024ರ ಜುಲೈ 19ರಂದು ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯ ತನ್ನ ಸಲಹಾ ಅಭಿಪ್ರಾಯದಲ್ಲಿ, ಆಕ್ರಮಿತ ಪ್ಯಾಲೆಸ್ಟೀನ್ ಪ್ರದೇಶದಲ್ಲಿ ಇಸ್ರೇಲಿನ ಮುಂದುವರಿದ ಇರುವಿಕೆ ಕಾನೂನುಬಾಹಿರವೆಂದೂ ಅದನ್ನು ಸಾಧ್ಯವಾದಷ್ಟು ಬೇಗ ಕೊನೆಗಾಣಿಸಬೇಕೆಂದೂ ಹೇಳಿತು. ಅಲ್ಲಿಗೇ ನಿಲ್ಲದೆ, ಉಳಿದ ಎಲ್ಲ ರಾಷ್ಟ್ರಗಳು ಆ ಸ್ಥಿತಿಯನ್ನು ಸಕ್ರಮವೆಂದು ಒಪ್ಪಬಾರದು, ಅದು ಮುಂದುವರಿಯಲು ನೆರವಾಗಬಾರದು, ಅದಕ್ಕೆ ಬಲ ಕೊಡುವ ವ್ಯಾಪಾರ ಮತ್ತು ಹೂಡಿಕೆಯನ್ನು ತಡೆಯಬೇಕು ಎಂದು ಅವುಗಳ ಹೊಣೆಯನ್ನೂ ಬಿಡಿಸಿ ಹೇಳಿತು. ಆ ಅಭಿಪ್ರಾಯದ ಆಧಾರದ ಮೇಲೆ ವಿಶ್ವಸಂಸ್ಥೆಯ ಸಾಮಾನ್ಯ ಸಭೆ 2024ರ ಸೆಪ್ಟೆಂಬರ್ 18ರಂದು 124 ಮತಗಳಿಂದ ನಿರ್ಣಯ ಅಂಗೀಕರಿಸಿ, ಆಕ್ರಮಣ ತೆರವುಗೊಳಿಸಲು 12 ತಿಂಗಳ ಗಡುವು ನೀಡಿತು. ಬ್ರಿಟನ್ ಅಂದು ಮತ ಹಾಕದೆ ತಟಸ್ಥವಾಗಿ ಉಳಿಯಿತು. ಆ ಗಡುವು ಮುಗಿದ ಮೂರನೆಯ ದಿನವೇ ಬ್ರಿಟನ್ ಮಾನ್ಯತೆ ಘೋಷಿಸಿದ್ದು. ಅಂದರೆ, ಗಡುವು ಮೀರಿಯೂ ತೆರವಾಗದ ನೆಲ ಇನ್ನೊಂದು ರಾಷ್ಟ್ರಕ್ಕೆ ಸೇರಿದ್ದು ಎಂದು ಅದು ಈಗ ತನ್ನ ಬಾಯಿಂದಲೇ ಹೇಳಿದೆ. ಹೀಗೆ ಹೇಳಿದ ಮೇಲೆ ಅಲ್ಲಿನ ಯಹೂದಿ ವಸಾಹತುಗಳನ್ನು ಮಾತುಕತೆಗೆ ಅಡ್ಡಿಯೆಂದಷ್ಟೇ ಕರೆದರೆ ಸಾಲದು. ಅವು ಒಂದು ರಾಷ್ಟ್ರದ ಅನುಮತಿಯಿಲ್ಲದೆ ಆ ರಾಷ್ಟ್ರದ ನೆಲದಲ್ಲಿ ಎದ್ದ ಕಟ್ಟಡಗಳು, ಅವುಗಳೊಂದಿಗೆ ನಡೆಯುವ ಪ್ರತಿಯೊಂದು ವ್ಯವಹಾರವನ್ನೂ ಆ ಕಣ್ಣಿನಿಂದಲೇ ನೋಡಬೇಕಾಗುತ್ತದೆ.

ಕೊನೆಯದಾಗಿ ಮತದಾನದ ವಿಷಯ. 2024ರ ಏಪ್ರಿಲ್ 18ರಂದು ಪ್ಯಾಲೆಸ್ಟೀನ್‌ಗೆ ವಿಶ್ವಸಂಸ್ಥೆಯ ಪೂರ್ಣ ಸದಸ್ಯತ್ವ ನೀಡುವ ಕರಡು ಭದ್ರತಾ ಮಂಡಳಿಗೆ ಬಂದಾಗ 12 ಸದಸ್ಯರು ಪರವಾಗಿ ಮತ ಹಾಕಿದರು, ಅಮೆರಿಕ ವಿಟೊ ಚಲಾಯಿಸಿತು, ಬ್ರಿಟನ್ ಮತ್ತು ಸ್ವಿಟ್ಜರ್ಲೆಂಡ್ ತಟಸ್ಥವಾಗಿದ್ದವು. ಮುಂದಿನ ಬಾರಿ ಬ್ರಿಟನ್ನಿಗೆ ತಟಸ್ಥವಾಗಿರಲು ಸಬೂಬು ಉಳಿದಿಲ್ಲ. ರಷ್ಯಾ ಮತ್ತು ಚೀನಾ 1988ರಿಂದಲೂ ಮಾನ್ಯತೆ ನೀಡಿರುವುದರಿಂದ, ಐವರು ಕಾಯಂ ಸದಸ್ಯರಲ್ಲಿ ಈಗ ಹೊರಗುಳಿದಿರುವುದು ಅಮೆರಿಕ ಒಂದೇ.

ಉತ್ತರ 2

ಮೇಲಿನವರ ಕಾನೂನು ವಿವರಣೆಯಲ್ಲಿ ನಾನು ತಪ್ಪು ಹುಡುಕುವುದಿಲ್ಲ. ಆದರೆ ಒಂದು ಮಾತನ್ನು ಸ್ಪಷ್ಟವಾಗಿ ಹೇಳಲೇಬೇಕಾಗಿದೆ. ಮಾನ್ಯತೆಯ ಘೋಷಣೆಯಾದ ದಿನ ಗಾಜಾದಲ್ಲಿ 48 ಒತ್ತೆಯಾಳುಗಳು ಇನ್ನೂ ಅಲ್ಲಿನ ಸಶಸ್ತ್ರ ಸಂಘಟನೆ ಹಮಾಸ್ ಮತ್ತು ಅದರ ಜೊತೆಗಾರ ಸಂಘಟನೆಗಳ ವಶದಲ್ಲಿದ್ದರು; ಅವರಲ್ಲಿ ಜೀವಂತವಾಗಿದ್ದವರು ಸುಮಾರು 20 ಮಂದಿ. 2023ರ ಅಕ್ಟೋಬರ್ 7ರಂದು ಸುಮಾರು 1,200 ಜನರನ್ನು ಕೊಂದು 251 ಜನರನ್ನು ಹೊತ್ತೊಯ್ದವರು ಈ ಘೋಷಣೆಯನ್ನು ತಮ್ಮ ಗೆಲುವೆಂದು ಹೇಳಿಕೊಂಡಾಗ, ಮಗನ ದಾರಿ ಕಾಯುತ್ತಿದ್ದ ಟೆಲ್ ಅವೀವ್‌ನ ತಾಯಿಗೆ ಏನೆನಿಸಿರಬಹುದು ಎಂದು ಲಂಡನ್ನಿನಲ್ಲಿ ಯಾರಾದರೂ ಯೋಚಿಸಬೇಕಿತ್ತು.

ಬ್ರಿಟನ್ ಅನುಸರಿಸಿದ ಕ್ರಮವೂ ನನಗೆ ಸರಿ ಕಾಣಲಿಲ್ಲ. 2025ರ ಜುಲೈ 29ರಂದು ಪ್ರಧಾನಿ ಕೀರ್ ಸ್ಟಾರ್ಮರ್ ಅವರು, ಇಸ್ರೇಲ್ ಕದನ ವಿರಾಮಕ್ಕೆ ಒಪ್ಪಿ ಇನ್ನಿತರ ಕ್ರಮಗಳನ್ನು ಕೈಗೊಳ್ಳದಿದ್ದರೆ ಸೆಪ್ಟೆಂಬರ್‌ನಲ್ಲಿ ಮಾನ್ಯತೆ ನೀಡುವುದಾಗಿ ಹೇಳಿದರು. ಮಾನ್ಯತೆ ಪ್ಯಾಲೆಸ್ಟೀನ್ ಜನರ ಹಕ್ಕಾಗಿದ್ದರೆ ಅದನ್ನು ಇಸ್ರೇಲಿನ ನಡತೆಗೆ ಕಟ್ಟಿ ನೇತುಹಾಕುವುದು ಹೇಗೆ ಸಾಧ್ಯ? ಹಕ್ಕಲ್ಲದಿದ್ದರೆ ಅದನ್ನು ಬೆದರಿಕೆಯಾಗಿ ಬಳಸುವುದು ಎಷ್ಟು ಯೋಗ್ಯ? ಈ ಪ್ರಶ್ನೆಯನ್ನು ಮಾನ್ಯತೆಯ ಪರವಾಗಿದ್ದವರೂ ವಿರೋಧಿಸಿದವರೂ ಕೇಳಿದ್ದು ನ್ಯಾಯವಾಗಿಯೇ ಇದೆ.

ಆದದ್ದು ಆಗಿದೆ. ಮುಂದೆ ಆಗಬೇಕಾದ ಮೊದಲ ಕೆಲಸ ಚುನಾವಣೆ ಎಂಬುದು ನನ್ನ ಖಚಿತ ಅಭಿಪ್ರಾಯ. ಪ್ಯಾಲೆಸ್ಟೀನ್ ಶಾಸನಸಭೆಗೆ ಕೊನೆಯ ಚುನಾವಣೆ ನಡೆದದ್ದು 2006ರಲ್ಲಿ, ಮಹಮೂದ್ ಅಬ್ಬಾಸ್ ಅಧ್ಯಕ್ಷರಾಗಿ ಆಯ್ಕೆಯಾದದ್ದು 2005ರ ಜನವರಿಯಲ್ಲಿ. ಆ ವರ್ಷ ಹುಟ್ಟಿದ ಮಗು ಇಂದು ಇಪ್ಪತ್ತು ದಾಟಿದೆ, ತನ್ನ ಅಧ್ಯಕ್ಷರಿಗಾಗಿ ಒಂದು ಮತವನ್ನೂ ಹಾಕಿಲ್ಲ. 2007ರ ಜೂನ್‌ನಲ್ಲಿ ಹಮಾಸ್ ಬಲಪ್ರಯೋಗದಿಂದ ಅಬ್ಬಾಸ್ ಅವರ ಪಕ್ಷ ಫತಾವನ್ನು ಗಾಜಾದಿಂದ ಹೊರಹಾಕಿದ ಮೇಲೆ ಎರಡು ಕಡೆ ಎರಡು ಆಡಳಿತ, ಎರಡು ಪೊಲೀಸ್ ಪಡೆ. ಬಂದೂಕು ಯಾರ ಕೈಯಲ್ಲಿರಬೇಕೆಂಬುದು ಇತ್ಯರ್ಥವಾಗದ ನಾಡಿನಲ್ಲಿ ರಾಯಭಾರ ಕಚೇರಿಯ ನಾಮಫಲಕ ಬದಲಾದರೂ ಜನರ ಬದುಕು ಬದಲಾಗುವುದಿಲ್ಲ. ಕದನ ವಿರಾಮವಾದ ಒಂದು ವರ್ಷದೊಳಗೆ ಚುನಾವಣೆ ನಡೆಸುವುದಾಗಿ ಅಬ್ಬಾಸ್ ಅವರು ಮಾತು ಕೊಟ್ಟಿದ್ದಾರೆ. ಮಾನ್ಯತೆ ನೀಡಿದ ರಾಷ್ಟ್ರಗಳು ಆ ಮಾತನ್ನು ದಿನಾಂಕ ಸಮೇತ ಕೇಳಿ ಪಡೆಯಬೇಕು.

ನ್ಯಾಯವಾಗಿ ಇನ್ನೊಂದನ್ನೂ ಸೇರಿಸುತ್ತೇನೆ. 2021ರ ಮೇ ತಿಂಗಳಿಗೆ ಗೊತ್ತಾಗಿದ್ದ ಚುನಾವಣೆಯನ್ನು ಅಬ್ಬಾಸ್ ಅವರು ಮುಂದೂಡಿದ್ದಕ್ಕೆ ಕೊಟ್ಟ ಕಾರಣ, ಪೂರ್ವ ಜೆರುಸಲೇಂನಲ್ಲಿ ಮತದಾನಕ್ಕೆ ಇಸ್ರೇಲ್ ಅವಕಾಶ ಕೊಡಲಿಲ್ಲ ಎಂಬುದು. ಸೋಲಿನ ಭಯವೇ ನಿಜವಾದ ಕಾರಣ ಎಂದು ಅನೇಕರು ನಂಬಿದ್ದಾರೆ, ನನಗೂ ಹಾಗೆಯೇ ಅನಿಸುತ್ತದೆ. ಆದರೂ 1996, 2005 ಮತ್ತು 2006ರಲ್ಲಿ ಅಲ್ಲಿನ ಪ್ಯಾಲೆಸ್ಟೀನಿಯರು ಅಂಚೆ ಕಚೇರಿಗಳಲ್ಲಿ ಮತ ಚಲಾಯಿಸಿದ್ದರು. ಅದೇ ಏರ್ಪಾಡನ್ನು ಮತ್ತೆ ಮಾಡಿಕೊಡುವಂತೆ ಇಸ್ರೇಲನ್ನು ಒಪ್ಪಿಸುವುದು ಬ್ರಿಟನ್ ಮತ್ತು ಫ್ರಾನ್ಸ್ ಮಾಡಬಹುದಾದ ಸ್ಪಷ್ಟ ಕೆಲಸ. ಹಾಗೆ ಮಾಡಿದರೆ ಅಬ್ಬಾಸ್ ಅವರಿಗೂ ಮುಂದೂಡಲು ನೆಪ ಉಳಿಯುವುದಿಲ್ಲ.

ಉತ್ತರ 3

ನಾನು ಕೆಲವು ವರ್ಷಗಳಿಂದ ಇಂಗ್ಲೆಂಡಿನಲ್ಲಿ ನೆಲೆಸಿದ್ದೇನೆ. ಕಾನೂನು ಓದಿದವನಲ್ಲ, ಆದ್ದರಿಂದ ಕಣ್ಣಿಗೆ ಬಿದ್ದದ್ದನ್ನು ಹೇಳುತ್ತೇನೆ.

ನನ್ನ ಜೊತೆ ಇಲ್ಲಿ ಓದಿದ ನಬ್ಲುಸ್ ಊರಿನ ಗೆಳೆಯರೊಬ್ಬರಿದ್ದಾರೆ. ಅವರ ಬಳಿ ಪ್ಯಾಲೆಸ್ಟೀನ್ ಪ್ರಾಧಿಕಾರದ ಪಾಸ್‌ಪೋರ್ಟ್ ಇದೆ. ಅದರ ಹಿಂದಿನ ಗುರುತಿನ ಸಂಖ್ಯೆ ಜನಸಂಖ್ಯಾ ನೋಂದಣಿಯಿಂದ ಬರುತ್ತದೆ. ಆ ನೋಂದಣಿಯ ಅಂತಿಮ ಅಧಿಕಾರ ಇಸ್ರೇಲಿನ ಕೈಯಲ್ಲಿದೆ. ಮಗು ಹುಟ್ಟಿದರೆ ಅದರ ಹೆಸರು ಅಲ್ಲಿ ಸೇರಬೇಕು. ಸೇರದಿದ್ದರೆ ಆ ಮಗು ಕಾಗದದ ಮೇಲೆ ಇಲ್ಲವೇ ಇಲ್ಲ. ಊರಿಗೆ ಹೋಗಬೇಕಾದಾಗ ಅವರು ಟೆಲ್ ಅವೀವ್‌ಗೆ ವಿಮಾನ ಹತ್ತುವಂತಿಲ್ಲ. ಜೋರ್ಡಾನಿನ ಅಮ್ಮಾನ್‌ಗೆ ಹೋಗಿ, ಅಲ್ಲಿಂದ ಕಣಿವೆಗೆ ಇಳಿದು, ಅಲೆನ್‌ಬಿ ಸೇತುವೆಯಲ್ಲಿ ಒಂದು ಬಸ್ಸಿನಿಂದ ಇನ್ನೊಂದಕ್ಕೆ ಹತ್ತಿ, ಪೆಟ್ಟಿಗೆ ಒಂದು ಕಡೆ ತಾವು ಒಂದು ಕಡೆ ಎಂದು ಸರದಿಯಲ್ಲಿ ನಿಂತು ದಾಟಬೇಕು. ಸೇತುವೆ ತೆರೆಯುವುದೂ ಮುಚ್ಚುವುದೂ ಇಸ್ರೇಲಿನ ನಿರ್ಧಾರ. ಬ್ರಿಟನ್ ಮಾನ್ಯತೆ ಘೋಷಿಸಿದ ಅದೇ ವಾರ ಆ ಸೇತುವೆಯನ್ನು ಮುಚ್ಚಲಾಗಿತ್ತು. ಅದಕ್ಕೆ ಕೆಲ ದಿನಗಳ ಹಿಂದೆ ಅಲ್ಲಿ ಗುಂಡಿನ ದಾಳಿ ನಡೆದು ಇಬ್ಬರು ಇಸ್ರೇಲಿ ಸೈನಿಕರು ಸತ್ತಿದ್ದರು ಎಂಬುದನ್ನೂ ಹೇಳಬೇಕು. ಗೆಳೆಯರು ಅಂದು ನನಗೆ ಫೋನ್ ಮಾಡಿ, ‘ನಿಮ್ಮ ಸರ್ಕಾರ ನನಗೆ ದೇಶ ಕೊಟ್ಟಿದೆ, ಅಪ್ಪನನ್ನು ನೋಡಲು ದಾರಿ ಮಾತ್ರ ಇಲ್ಲ’ ಎಂದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು.

ಎರಡನೆಯದು ಖರ್ಜೂರದ ವಿಷಯ. ಇಲ್ಲಿನ ಅಂಗಡಿಗಳಲ್ಲಿ ಜೋರ್ಡಾನ್ ಕಣಿವೆಯ ಮೆಜೂಲ್ ಖರ್ಜೂರ ಸಿಗುತ್ತದೆ, ದಪ್ಪನೆಯ, ಜೇನಿನ ಬಣ್ಣದ ಹಣ್ಣು. ಪೊಟ್ಟಣವನ್ನು ತಿರುಗಿಸಿ ಹಿಂಬದಿಯ ಸಣ್ಣ ಅಕ್ಷರಗಳನ್ನು ಓದುವುದು ನನಗೆ ಅಭ್ಯಾಸವಾಗಿದೆ. 2009ರ ಡಿಸೆಂಬರ್‌ನಲ್ಲಿ ಬ್ರಿಟನ್ನಿನ ಪರಿಸರ ಮತ್ತು ಆಹಾರ ಖಾತೆಯು, ಪಶ್ಚಿಮ ದಂಡೆಯ ಪದಾರ್ಥದ ಮೇಲೆ ಅದು ಪ್ಯಾಲೆಸ್ಟೀನಿಯರು ಬೆಳೆದದ್ದೋ ಇಸ್ರೇಲಿ ವಸಾಹತಿನಲ್ಲಿ ಬೆಳೆದದ್ದೋ ಎಂಬುದನ್ನು ನಮೂದಿಸುವಂತೆ ವ್ಯಾಪಾರಿಗಳಿಗೆ ಸಲಹೆ ನೀಡಿತ್ತು. ವಸಾಹತಿನ ಮಾಲಿಗೆ ಇಸ್ರೇಲಿನೊಂದಿಗಿನ ವ್ಯಾಪಾರ ಒಪ್ಪಂದದ ಸುಂಕ ರಿಯಾಯಿತಿಯೂ ಸಿಗುವುದಿಲ್ಲ. ಅಂದರೆ ಯಾವ ನೆಲ ಯಾರದ್ದೆಂದು ಸರ್ಕಾರದ ಕಡತಕ್ಕೆ ಹಿಂದಿನಿಂದಲೂ ಗೊತ್ತಿದೆ. ಗೊತ್ತಿದ್ದೂ ಅದು ಇಷ್ಟು ಕಾಲ ಲೇಬಲ್ಲಿನ ಮೇಲೊಂದು ಸಾಲು ಬರೆಯಿಸಿ ಸುಮ್ಮನಾಗಿತ್ತು. ಈಗ ಆ ತೋಟ ಇರುವ ನೆಲ ಪ್ಯಾಲೆಸ್ಟೀನ್ ಎಂಬ ರಾಷ್ಟ್ರದ್ದೆಂದು ಅದೇ ಸರ್ಕಾರ ಒಪ್ಪಿದ ಮೇಲೆ, ಅಲ್ಲಿನ ಮಾಲು ಒಳಗೆ ಬರಲು ಯಾರ ಅನುಮತಿ ಬೇಕು? ಸ್ಲೊವೇನಿಯಾ 2024ರ ಜೂನ್‌ನಲ್ಲಿ ಮಾನ್ಯತೆ ಕೊಟ್ಟಿತು, 2025ರ ಆಗಸ್ಟ್‌ನಲ್ಲಿ ವಸಾಹತುಗಳ ಸರಕಿನ ಆಮದನ್ನು ನಿಷೇಧಿಸಿತು. 2024ರ ಮೇ 28ರಂದು ನಾರ್ವೆ, ಐರ್ಲೆಂಡ್‌ಗಳ ಜೊತೆ ಮಾನ್ಯತೆ ನೀಡಿದ ಸ್ಪೇನ್ ಕೂಡ ಅದೇ ದಾರಿ ಹಿಡಿದಿದೆ. ಬ್ರಿಟನ್ನಿಗಿಂತ ಎಷ್ಟೋ ಚಿಕ್ಕ ದೇಶಕ್ಕೆ ಸಾಧ್ಯವಾದದ್ದು ಇಲ್ಲಿ ಏಕೆ ಸಾಧ್ಯವಿಲ್ಲ ಎಂಬುದಕ್ಕೆ ನನಗೆ ಯಾರೂ ಉತ್ತರ ಕೊಟ್ಟಿಲ್ಲ.

ಹಿಂದೊಮ್ಮೆ ಹೀಗೆಯೇ ಆಗಿತ್ತು. ನಮೀಬಿಯಾದಲ್ಲಿ ದಕ್ಷಿಣ ಆಫ್ರಿಕಾದ ಇರುವಿಕೆ ಅಕ್ರಮವೆಂದು ಅಂತರರಾಷ್ಟ್ರೀಯ ನ್ಯಾಯಾಲಯ ಹೇಳಿದ್ದು 1971ರ ಜೂನ್‌ನಲ್ಲಿ. ಅದಾದ ಮೇಲೂ ಬ್ರಿಟನ್ ಅಲ್ಲಿನ ರೋಸಿಂಗ್ ಗಣಿಯ ಯುರೇನಿಯಂ ಕೊಳ್ಳುತ್ತಿತ್ತು. ನಮೀಬಿಯಾ ಸ್ವತಂತ್ರವಾದದ್ದು 1990ರ ಮಾರ್ಚ್ 21ರಂದು. ನಡುವಿನ ಹತ್ತೊಂಬತ್ತು ವರ್ಷಗಳನ್ನು ಅಲ್ಲಿನ ಜನ ಬದುಕಿ ತೀರಿಸಬೇಕಾಯಿತು.

ಪ್ರಶ್ನೆ ಕೇಳಿದವರಿಂದ

ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. ಎರಡನೆಯ ಉತ್ತರ ಬರೆದವರ ನೋವು ನನಗೂ ಅರ್ಥವಾಗುತ್ತದೆ. ಒಂದು ವಿಷಯ ಮಾತ್ರ ಇನ್ನೂ ತೊಡಕಾಗಿದೆ. 2025ರ ಅಕ್ಟೋಬರ್ 10ರಂದು ಕದನ ವಿರಾಮ ಜಾರಿಗೆ ಬಂತು, 13ರಂದು ಜೀವಂತ ಒತ್ತೆಯಾಳುಗಳೆಲ್ಲ ಬಿಡುಗಡೆಯಾದರು. ನವೆಂಬರ್ 17ರಂದು ಭದ್ರತಾ ಮಂಡಳಿ 2803ನೇ ನಿರ್ಣಯವನ್ನು ಅಂಗೀಕರಿಸಿ, ಗಾಜಾದ ಮೇಲ್ವಿಚಾರಣೆಗೆ ‘ಬೋರ್ಡ್ ಆಫ್ ಪೀಸ್’ ಎಂಬ ಶಾಂತಿ ಮಂಡಳಿಯನ್ನೂ ಅಂತರರಾಷ್ಟ್ರೀಯ ಪಡೆಯನ್ನೂ ಒಪ್ಪಿಕೊಂಡಿತು. ಬ್ರಿಟನ್ ಅದರ ಪರವಾಗಿಯೇ ಮತ ಹಾಕಿದೆ. ಮಾನ್ಯತೆ ಕೊಟ್ಟ ರಾಷ್ಟ್ರವೊಂದರ ಒಂದು ಭಾಗವನ್ನು ಹೊರಗಿನವರ ಉಸ್ತುವಾರಿಗೆ ಒಪ್ಪಿಸುವುದು ಮಾನ್ಯತೆಗೆ ವಿರುದ್ಧವಾಗುವುದಿಲ್ಲವೇ? ಪ್ರಾಧಿಕಾರದ ಹಣಕಾಸಿನ ಸ್ಥಿತಿಯ ಬಗ್ಗೆಯೂ ಯಾರಾದರೂ ಬರೆದರೆ ಉಪಕಾರವಾಗುತ್ತದೆ.

ಉತ್ತರ 1 ಬರೆದವರಿಂದ

ತಾವು ಗುರುತಿಸಿದ ತೊಡಕು ನಿಜವಾದದ್ದೇ. ರಷ್ಯಾ ಮತ್ತು ಚೀನಾ ತಟಸ್ಥವಾಗಿದ್ದ ಆ ನಿರ್ಣಯವು 13 ಮತಗಳಿಂದ ಅಂಗೀಕಾರವಾಯಿತು. ಪ್ರಾಧಿಕಾರದ ಸುಧಾರಣೆ ಮತ್ತು ಗಾಜಾದ ಪುನರ್ನಿರ್ಮಾಣ ಮುಂದುವರಿದ ಮೇಲೆ ಸ್ವನಿರ್ಣಯ ಮತ್ತು ರಾಷ್ಟ್ರತ್ವದ ಕಡೆಗೆ ನಂಬಲರ್ಹ ಹಾದಿ ತೆರೆದುಕೊಳ್ಳಬಹುದು ಎಂಬಷ್ಟೇ ಅದರ ಮಾತು. ಬ್ರಿಟನ್ ದೃಷ್ಟಿಯಲ್ಲಿ ರಾಷ್ಟ್ರ ಈಗಾಗಲೇ ಇದೆ. ನಿರ್ಣಯದ ಪ್ರಕಾರ ಅದು ಮುಂದೆಂದೋ ಬರಬಹುದಾದದ್ದು. ಗಾಜಾದಲ್ಲಿ ಯಾರಾದರೂ ಕೆಲಕಾಲ ವ್ಯವಸ್ಥೆ ನೋಡಿಕೊಳ್ಳಬೇಕಾದ ಅನಿವಾರ್ಯತೆಯನ್ನು ನಾನು ಅಲ್ಲಗಳೆಯುವುದಿಲ್ಲ, ಎರಡು ವರ್ಷಗಳ ಯುದ್ಧದ ಬಳಿಕ ಅಲ್ಲಿ ಶಾಲೆ, ಆಸ್ಪತ್ರೆ, ನೀರಿನ ಕೊಳವೆ ಯಾವುದೂ ಸರಿಯಾಗಿ ಉಳಿದಿಲ್ಲ. ಆದರೆ ಆ ವ್ಯವಸ್ಥೆ ಪ್ಯಾಲೆಸ್ಟೀನ್ ರಾಷ್ಟ್ರದ ಒಪ್ಪಿಗೆಯಿಂದ, ಗೊತ್ತಾದ ಅವಧಿಗೆ, ಪಶ್ಚಿಮ ದಂಡೆ ಮತ್ತು ಗಾಜಾ ಒಂದೇ ನಾಡು ಎಂಬ ತಳಹದಿಯ ಮೇಲೆ ನಡೆಯಬೇಕೆಂದು ಪಟ್ಟು ಹಿಡಿಯುವುದು ಮಾನ್ಯತೆ ನೀಡಿದವರ ಕರ್ತವ್ಯ.

ಹಣದ ವಿಷಯ ಇನ್ನೂ ತುರ್ತಿನದು. 1994ರ ಪ್ಯಾರಿಸ್ ಒಡಂಬಡಿಕೆಯ ಪ್ರಕಾರ ಪ್ಯಾಲೆಸ್ಟೀನ್‌ಗೆ ಬರುವ ಸರಕಿನ ಸುಂಕವನ್ನು ಇಸ್ರೇಲ್ ವಸೂಲು ಮಾಡಿ ಪ್ರಾಧಿಕಾರಕ್ಕೆ ವರ್ಗಾಯಿಸಬೇಕು. ಪ್ರಾಧಿಕಾರದ ವರಮಾನದ ಬಹುಪಾಲು ಇದೇ. 2025ರ ಮೇ ತಿಂಗಳಿನಿಂದ ಇಸ್ರೇಲಿನ ಹಣಕಾಸು ಖಾತೆ ಈ ಹಣವನ್ನು ತಡೆಹಿಡಿಯಿತು. ಅದರಿಂದ ಶಿಕ್ಷಕರಿಗೂ ದಾದಿಯರಿಗೂ ಪೊಲೀಸರಿಗೂ ಅರೆ ಸಂಬಳ, ಶಾಲೆಗಳಿಗೆ ವಾರದ ಪೂರ್ತಿ ತೆರೆಯಲಾಗದ ಸ್ಥಿತಿ. ಸ್ವಂತ ನಾಣ್ಯವಿಲ್ಲದ, ಇಸ್ರೇಲಿನ ಶೆಕೆಲ್‌ನಲ್ಲಿಯೇ ವ್ಯವಹರಿಸುವ ಆಡಳಿತಕ್ಕೆ ಬೇರೆ ದಾರಿಯೂ ಇಲ್ಲ. ಆಡಳಿತ ಸುಧಾರಿಸಿ, ಚುನಾವಣೆ ನಡೆಸಿ ಎಂದು ಎರಡನೆಯ ಉತ್ತರದ ಮಹನೀಯರು ಕೇಳಿರುವುದು ಸರಿಯಾದದ್ದೇ. ಆದರೆ ಮತಗಟ್ಟೆಯಲ್ಲಿ ಕೂರಬೇಕಾದ ಶಿಕ್ಷಕರಿಗೆ ಸಂಬಳ ಸಿಗದಂತೆ ನೋಡಿಕೊಂಡವರನ್ನೂ ಅಷ್ಟೇ ಗಟ್ಟಿಯಾಗಿ ಕೇಳಬೇಕು.

ಇದರ ಜೊತೆ ಇ-1 ಎಂಬ ಜಾಗವನ್ನು ನೆನಪಿನಲ್ಲಿಡಿ. ಪೂರ್ವ ಜೆರುಸಲೇಂ ಮತ್ತು ಮಾಲೆ ಅದುಮಿಮ್ ವಸಾಹತಿನ ನಡುವಿನ ಈ ಗುಡ್ಡಗಾಡಿನಲ್ಲಿ ಸುಮಾರು 3,400 ಮನೆಗಳ ಯೋಜನೆಗೆ 2025ರ ಆಗಸ್ಟ್ 20ರಂದು ಇಸ್ರೇಲ್ ಒಪ್ಪಿಗೆ ನೀಡಿತು. ಅಲ್ಲಿ ಮನೆಗಳು ಎದ್ದರೆ ಜೆರುಸಲೇಂನ ಉತ್ತರದ ರಾಮಲ್ಲಾದಿಂದ ದಕ್ಷಿಣದ ಬೆತ್ಲೆಹೇಮ್‌ವರೆಗಿನ ನಾಡು ನಡುವಿನಲ್ಲಿಯೇ ಕತ್ತರಿಸಿದಂತಾಗುತ್ತದೆ. ಆ ಕಾಮಗಾರಿಗೆ ಯಂತ್ರ, ಸಾಲ, ವಿಮೆ ಒದಗಿಸುವ ಯಾವ ಬ್ರಿಟಿಷ್ ಕಂಪನಿಗೂ ಅವಕಾಶವಿಲ್ಲವೆಂದು ಕಾನೂನು ಮಾಡುವುದಕ್ಕೆ ಭದ್ರತಾ ಮಂಡಳಿಯ ಮತವೂ ಬೇಡ, ಅಮೆರಿಕದ ಒಪ್ಪಿಗೆಯೂ ಬೇಡ.

ಉತ್ತರ 3 ಬರೆದವರಿಂದ

ಭಾರತದ ಪ್ರಜೆಯಾಗಿದ್ದೂ ಇಲ್ಲಿ ನೆಲೆಸಿರುವ ನನಗೆ, ಕಾಮನ್‌ವೆಲ್ತ್ ನಾಗರಿಕನೆಂಬ ನೆಲೆಯಲ್ಲಿ ಬ್ರಿಟನ್ ಸಂಸತ್ತಿನ ಚುನಾವಣೆಯಲ್ಲಿ ಮತದ ಹಕ್ಕಿದೆ. ಅದೇ ಧೈರ್ಯದಿಂದ ನನ್ನ ಕ್ಷೇತ್ರದ ಸಂಸತ್ ಸದಸ್ಯರಿಗೆ ಪತ್ರ ಬರೆದಿದ್ದೇನೆ. ವಸಾಹತಿನ ಸರಕಿನ ಆಮದು ಎಂದು ನಿಲ್ಲುತ್ತದೆ, ತಡೆಹಿಡಿದ ಸುಂಕದ ಹಣದ ಬಗ್ಗೆ ಸರ್ಕಾರ ಏನು ಮಾಡಿದೆ ಎಂದು ಕೇಳಿದ್ದೇನೆ. ಮೇಲಿನ ಚರ್ಚೆಯನ್ನು ಓದಿದ ಮೇಲೆ ಪೂರ್ವ ಜೆರುಸಲೇಂನ ಅಂಚೆ ಕಚೇರಿಗಳಲ್ಲಿ ಮತದಾನದ ವಿಷಯವನ್ನೂ ಸೇರಿಸಿ ಎರಡನೆಯ ಪತ್ರ ಕಳುಹಿಸುತ್ತಿದ್ದೇನೆ. ಉತ್ತರ ಬಂದರೆ ಇಲ್ಲಿ ಪೂರ್ತಿಯಾಗಿ ಅನುವಾದಿಸಿ ಹಾಕುತ್ತೇನೆ.